ಸೆಕೆಗೆ ಫ್ಯಾನ್, ಆಟಿಗೆ ಹಂಡೆ: ಕರೆಂಟ್ ಬಿಲ್ ಇಳಿಸುವ ಬಗೆ

ನಮ್ಮ ಉಡುಪಿಯಲ್ಲಿ ಕರೆಂಟ್ ಬಿಲ್‌ಗೆ ಎರಡೇ ಕಾಲ. ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಸೆಕೆ, ಆಮೇಲೆ ಮಳೆ. ಸೆಕೆಯಲ್ಲಿ ಎಲ್ಲರೂ ಎಸಿ ಮೇಲೆ ಕಣ್ಣಿಡುತ್ತಾರೆ. ಮಳೆ ಹಿಡಿದ ಮೇಲೆ ತಂಪಾಯ್ತಲ್ಲ ಅಂತ ಬಿಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಂತೂ ಮೀಟರ್ ಜೋರಾಗಿ ಓಡುವುದು ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲೇ.

ಮೊದಲು ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಲೆಕ್ಕ ನೋಡಿ. '200 ಯೂನಿಟ್ ಫ್ರೀ' ಅನ್ನುತ್ತೇವೆ, ಆದರೆ ಎಲ್ಲ ಮನೆಗೂ 200 ಸಿಗುವುದಿಲ್ಲ. 2022–23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದೊಂದು ಮನೆಗೆ ಒಂದೊಂದು ಮಿತಿ ಹಾಕಿದ್ದಾರೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಮೆಸ್ಕಾಂ ಬಿಲ್ ಬಂದು ಹದಿನೈದು ದಿನವಾದಾಗ ಮೀಟರ್ ನೋಡಿಕೊಳ್ಳಿ. ಆಗಲೇ ಅರ್ಧಕ್ಕಿಂತ ಜಾಸ್ತಿ ಓಡಿದ್ದರೆ ಕೈ ಬಿಗಿ ಮಾಡಲು ಇನ್ನೂ ಸಮಯ ಇರುತ್ತದೆ.

ಸೆಕೆಗಾಲದಲ್ಲಿ ನಮಗೆ ಕಷ್ಟ ಬಿಸಿಲಿಗಿಂತ ಬೆವರಿನದ್ದು, ಅಲ್ವಾ? ಎಸಿಯನ್ನು 18ಕ್ಕೆ ಇಳಿಸುವ ಬದಲು 26ಕ್ಕೆ ಇಟ್ಟು ಫ್ಯಾನ್ ಹಾಕಿ. ಗಾಳಿಯ ತೇವ ಎಳೆಯುವ ಡ್ರೈ ಮೋಡ್ ಇದ್ದರೆ ರಾತ್ರಿಗೆ ಅದೇ ಸಾಕು. ಫಿಲ್ಟರ್ ತೊಳೆಯಲು ಮೆಕ್ಯಾನಿಕ್ ಬೇಡ, ನಲ್ಲಿಯ ಕೆಳಗೆ ಹಿಡಿದರೆ ಆಯಿತು. ಹಳೇ ಫ್ಯಾನ್ 75 ವ್ಯಾಟ್ ಎಳೆಯುತ್ತದೆ, ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30. ಹಾಗಂತ ಎಲ್ಲವನ್ನೂ ಬದಲಿಸಬೇಡಿ. ರಾತ್ರಿಯಿಡೀ ತಿರುಗುವ ಕೋಣೆಯದ್ದು ಮಾತ್ರ ಸಾಕು. ಚಾವಡಿಯಲ್ಲಿ ನೆಂಟರು ಬಂದಾಗ ತಿರುಗುವ ಫ್ಯಾನಿಗೆ ಸುಮ್ನೆ ಯಾಕೆ ಖರ್ಚು?

ಇನ್ನು ಮಳೆಗಾಲ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಮನೆಯಲ್ಲಿ ನಾಲ್ಕೈದು ಜನ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮಿಂದರೆ ತಣಿದ ನೀರನ್ನೇ ಮತ್ತೆ ಮತ್ತೆ ಕಾಯಿಸಿದ ಹಾಗೆ. ಒಬ್ಬರ ಹಿಂದೆ ಒಬ್ಬರು ಮಿಂದು ಮುಗಿಸಿ, ಸ್ವಿಚ್ ಆರಿಸಿ. ಸೋಲಾರ್ ಇದ್ದವರು ಅದರ ಕಾಯಿಲ್ ಸ್ವಿಚ್ ನೋಡಿಕೊಳ್ಳಿ. ಮೋಡದ ದಿನ ಆನ್ ಮಾಡಿ ಮರೆತರೆ ಟ್ಯಾಂಕಿನ ಅಷ್ಟೂ ನೀರನ್ನು ಕರೆಂಟೇ ಕಾಯಿಸುತ್ತದೆ.

ಹಂಡೆ ಇರುವ ಬಚ್ಚಲು ಇನ್ನೂ ಉಳಿದಿದ್ದರೆ ನೀವು ಪುಣ್ಯವಂತರು. ತೆಂಗಿನ ಮಡಲು (ಗರಿ), ಕೊತ್ತಳಿಗೆ (ಗರಿಯ ದಂಟು), ಗೆರಟೆ (ಚಿಪ್ಪು) ಎಲ್ಲ ಪತ್ತನಾಜೆಗೆ ಮೊದಲೇ ಒಣಗಿಸಿ ಕೊಟ್ಟಿಗೆಗೆ ಸೇರಿಸಿ. ಒದ್ದೆಯಾದರೆ ಹೊಗೆ ಮಾತ್ರ. ಗೀಸರ್ ನೀರಲ್ಲಿ ಮಿಂದರೆ ಮಿಂದ ಹಾಗೇ ಆಗುವುದಿಲ್ಲ ಅನ್ನುತ್ತಾರೆ ನಮ್ಮ ಅತ್ತೆ. ಬಿಲ್ ನೋಡಿದಾಗ ನಾನೂ ಹೌದು ಅನ್ನುತ್ತೇನೆ.

ಒಲೆಯ ಹತ್ತಿರ, ಬೆಂಕಿ ತಾಗದಷ್ಟು ದೂರದಲ್ಲಿ ಹಗ್ಗ ಕಟ್ಟಿದರೆ ಬಟ್ಟೆಯೂ ಒಣಗುತ್ತದೆ. ಒಲೆ ಇಲ್ಲದವರು ರಾತ್ರಿ ಮಲಗುವ ಕೋಣೆಯಲ್ಲೇ ಹರವಿ. ಆ ಫ್ಯಾನ್ ಹೇಗೂ ತಿರುಗುತ್ತಿರುತ್ತದೆ. ಹಸಿ ಯೂನಿಫಾರ್ಮನ್ನು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುವುದು ಮಾತ್ರ ಬೇಡವೇ ಬೇಡ. ಅದು 1000 ವ್ಯಾಟ್ ತಿನ್ನುತ್ತದೆ, ಸೊಂಟದ ಪಟ್ಟಿ ಆಮೇಲೂ ಹಸಿಯೇ ಇರುತ್ತದೆ.