ಜಾಮಿನಲ್ಲಿ ಸೀಸ ಬಂದದ್ದು ಹಣ್ಣಿನಿಂದಲ್ಲ, ಕಲಾಯಿಯಿಂದ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರದ ಕಡ್ಡಿಯಲ್ಲಿ ಸೀಸ ಬೆರೆತಿದೆಯಾ ಅಂತ ನೀರಲ್ಲಿ ತೂಗಿ ನೋಡ್ತೇನೆ ಅಂದಾಗ ಡೊಂಬಿವಲಿಯ ನಮ್ಮ ಅಡುಗೆ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ಈಗ ಒಂದೂವರೆ ವರ್ಷದಿಂದ ನನ್ನ ಅನಾನಸು ಜಾಮಿನ ಸೀಸ ಲ್ಯಾಬ್ ಅಳೆಯುವ ಮಟ್ಟಕ್ಕಿಂತ ಕೆಳಗೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

2022ರ ಬೇಸಿಗೆ ಇರಬೇಕು. ಒಬ್ಬ ದೊಡ್ಡ ಖರೀದಿದಾರರು ಲ್ಯಾಬ್ ವರದಿ ಕೇಳಿದರು. ಮೊದಲ ಲ್ಯಾಬಿನವರು ‘ಸೀಸ ಪತ್ತೆಯಾಗಿಲ್ಲ’ ಅಂತ ಬರೆದುಕೊಟ್ಟರು. ಕೆಳಗಿನ ಸಣ್ಣ ಸಾಲನ್ನು ನಾನು ಓದಲೇ ಇಲ್ಲ: ಅವರ ಯಂತ್ರ ಅಳೆಯುವ ಕನಿಷ್ಠ ಮಟ್ಟವೇ ಕಿಲೋಗೆ 1 ಮಿಲಿಗ್ರಾಂ. ತಾಜಾ ಹಣ್ಣಿಗೆ ಕೋಡೆಕ್ಸ್, ಅಂದರೆ ಅಂತರರಾಷ್ಟ್ರೀಯ ಆಹಾರ ಮಾನದಂಡ, ಇಟ್ಟ ಮಿತಿ 0.1. 1,500 ರೂಪಾಯಿ ನೀರಿಗೆ ಹಾಕಿದ ಹಾಗೆ. ಹಣ ಕಟ್ಟುವ ಮೊದಲೇ ‘ಎಷ್ಟು ಕೆಳಗಿನವರೆಗೆ ಅಳೀತೀರಿ’ ಅಂತ ಕೇಳಿ. ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಇದ್ದ ಎರಡನೇ ಲ್ಯಾಬ್ 0.02ರವರೆಗೆ ನೋಡ್ತದೆ. ಅವರು ಕೊಟ್ಟ ಅಂಕಿ 0.6ರ ಆಸುಪಾಸು.

ಲೆಕ್ಕ ಹಾಕಿದೆ. 20 ಗ್ರಾಂ ಜಾಮಿನಲ್ಲಿ 12 ಮೈಕ್ರೊಗ್ರಾಂ ಸೀಸ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಿಗೆ ಆಹಾರದಿಂದ ದಿನಕ್ಕೆ ಇಟ್ಟಿರುವ ಗಡಿ 2.2, ಹೆರುವ ವಯಸ್ಸಿನ ಹೆಂಗಸರಿಗೆ 8.8. ನನ್ನ ಅಕ್ಕನ ಮಗಳು ಆಗ ಐದು ತಿಂಗಳ ಬಸುರಿ, ಬೇರೇನೂ ಸೇರುವುದಿಲ್ಲ ಅಂತ ಇದೇ ಜಾಮ್ ತಿನ್ನುತ್ತಿದ್ದಳು. ಸೀಸ ಮೂಳೆಯಲ್ಲಿ ಕೂತು, ಬಸಿರಲ್ಲಿ ರಕ್ತಕ್ಕಿಳಿದು ಮಗುವನ್ನು ಮುಟ್ಟುತ್ತದೆ. ಸಣ್ಣ ಮಕ್ಕಳ ಹೊಟ್ಟೆ ದೊಡ್ಡವರದ್ದಕ್ಕಿಂತ ಹೆಚ್ಚು ಹೀರುತ್ತದೆ, ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ 180 ಬಾಟಲಿ ಸುರಿದೆ, ಹತ್ತಿರ ಹತ್ತಿರ 30,000 ರೂಪಾಯಿ ಮಾಲು.

ಎಲ್ಲರೂ ಹೇಳಿದ್ದು ಒಂದೇ: ಹಣ್ಣಿನದ್ದೇ ತಪ್ಪು, ಗೊಬ್ಬರದ್ದು, ಹೆದ್ದಾರಿ ಧೂಳಿನದ್ದು. ನಾನೂ ನಂಬಿದೆ. ವಾಶಿ ಮಾರ್ಕೆಟ್ಟಿನಲ್ಲಿ ವ್ಯಾಪಾರಿ ಬದಲಿಸಿದೆ, ಉಪ್ಪುನೀರಲ್ಲಿ ತೊಳೆದೆ, ವಿನೆಗರಿನಲ್ಲಿ ತೊಳೆದೆ. ಮೂರು ತಿಂಗಳು ಹೋಯಿತು, ಅಂಕಿ ಅಲ್ಲಾಡಲಿಲ್ಲ. ಸೀಸ ಇದ್ದರೆ ಬಣ್ಣ ತೋರಿಸುವ ಸ್ವ್ಯಾಬ್ ಕಿಟ್ ತರಿಸಿದೆ, 2,200 ಕೊಟ್ಟು. ಪಾತ್ರೆಗೆ ಉಜ್ಜಿದರೆ ಗುಲಾಬಿಯೋ ಕಂದೋ ಅಂತ ನನಗೂ ಹೆಂಡತಿಗೂ ಒಮ್ಮತ ಬರಲಿಲ್ಲ.

ಕೊನೆಗೆ ಹಂತ ಹಂತವಾಗಿ ಮಾದರಿ ಕಳಿಸಿದೆ: ಸಿಪ್ಪೆ, ತಿರುಳು, ಸಕ್ಕರೆ, ನೀರು, ಮನೆಯ ಸ್ಟೀಲ್ ಪಾತ್ರೆಯಲ್ಲಿ ಕುದಿಸಿದ ಅದೇ ಹಣ್ಣಿನ ಜಾಮ್. ಸಿಪ್ಪೆಯಲ್ಲಿ 0.2ರಷ್ಟು, ಅದು ಧೂಳು. ತಿರುಳಲ್ಲಿ, ಸ್ಟೀಲಿನ ಜಾಮಿನಲ್ಲಿ ಏನೂ ಇಲ್ಲ. ಉಳಿದದ್ದು ಮುಂಬಯಿಯ ಪಾತ್ರೆ ಪೇಟೆ ತಾಂಬಾಕಾಂಟಾದಿಂದ ಅಪ್ಪ ತಂದ, ಒಳಗೆ ಕಲಾಯಿ ಹಾಕಿದ ಹಿತ್ತಾಳೆ ಕೊಪ್ಪರಿಗೆ ಒಂದೇ. ಪಿಂಗಾಣಿ ಪರೀಕ್ಷಿಸುವ ಕ್ರಮದಂತೆ ಅದಕ್ಕೆ 4 ಶೇಕಡಾ ವಿನೆಗರ್ ಹಾಕಿ ಒಂದು ದಿನ ಬಿಟ್ಟು ಆ ನೀರು ಕಳಿಸಿದೆ. ಸೀಸ ಜಾಮಿಗಿಂತ ಹೆಚ್ಚಿತ್ತು.

“ಐವತ್ತು ವರ್ಷದಿಂದ ಇದೇ ಕೊಪ್ಪರಿಗೆಯಲ್ಲಿ ಬೇಯಿಸ್ತಿದ್ದೇವೆ ಮಾರಾಯ, ಯಾರಿಗೆ ಏನಾಗಿದೆ?” ಅಂದರು ನಮ್ಮ ಹಿರಿಯ ಭಟ್ಟರು. ಸ್ಟೀಲಿಗೆ ಹೋಗು ಅಂದವರೂ ಇದ್ದರು. ಒಲೆ ಮುಂದೆ ನಿಂತವರಿಗೆ ಗೊತ್ತು, 25 ಕಿಲೋ ಜಾಮ್ ಸ್ಟೀಲಿನಲ್ಲಿ ತಳ ಹಿಡಿಯುತ್ತದೆ. ನನಗೆ ಕೊಪ್ಪರಿಗೆ ಬಿಡಲು ಮನಸ್ಸಿರಲಿಲ್ಲ.

ಕಲಾಯಿಯವನನ್ನು ಕೇಳಿದೆ. “ಎಲ್ಲರೂ ಇದನ್ನೇ ಹಾಕ್ತಾರೆ ಸೇಟ್” ಅಂದ. ಅವನು ಸುಳ್ಳು ಹೇಳಲಿಲ್ಲ. ಅವನ ಕಡ್ಡಿ ತವರ, ಸೀಸ ಬೆರೆತ ಬೆಸುಗೆ ಮಾಲು, ಅರ್ಧ ಬೆಲೆಗೆ ಸಿಗುವಂಥದ್ದು. ಕಲಾಯಿಗೆ ಹಾಕುವ ನವಸಾಗರದ ಹೊಗೆಯ ಜೊತೆ ಆ ಸೀಸದ ಹೊಗೆ ಕುಡಿಯುತ್ತಿದ್ದವನೂ ಅವನೇ.

ಆಗ ಹೊಳೆದದ್ದು ತೂಕ. ತವರದ ಸಾಂದ್ರತೆ 7.3, ಸೀಸದ್ದು 11.3. ಅಕ್ಕಸಾಲಿಗರ ಸಣ್ಣ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಕಡ್ಡಿಯನ್ನು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ. ತಕ್ಕಡಿ ತೋರಿಸುವುದು ಕಡ್ಡಿ ತಳ್ಳಿದ ನೀರಿನ ತೂಕ, ಸೀಸ ಹೆಚ್ಚಿದಷ್ಟೂ ಅದು ಕಡಿಮೆ. 250 ಗ್ರಾಂ ಶುದ್ಧ ತವರ 34 ಗ್ರಾಂ ಚಿಲ್ಲರೆ ತೋರಿಸುತ್ತದೆ. ಅವನ ಕಡ್ಡಿ ತೋರಿಸಿದ್ದು ಸುಮಾರು 30.5, ಅಂದರೆ ಮೂರರಲ್ಲಿ ಒಂದು ಪಾಲಿನಷ್ಟು ಸೀಸ. ನೀರಿಗೆ ಒಂದು ಹನಿ ಸೋಪು ಹಾಕಿ, ಗುಳ್ಳೆ ಅಂಟಬಾರದು. ಒಂದೆರಡು ಶೇಕಡಾ ಬೆರಕೆ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಬಗ್ಗಿಸಿದಾಗ ಕಿರ್ ಅನ್ನುವ ಸದ್ದು ಕೇಳಿ ತವರ ಗುರುತಿಸುವುದನ್ನೂ ಮಾಡಿ ನೋಡಿದೆ. ಸ್ವಲ್ಪ ಸೀಸ ಇದ್ದ ಕಡ್ಡಿಯೂ ಕಿರ್ ಅನ್ನುತ್ತದೆ, ಅದನ್ನು ನೆಚ್ಚಬೇಡಿ.

ಕಿಲೋಗೆ ಎರಡೂವರೆ ಸಾವಿರ ಚಿಲ್ಲರೆ ಕೊಟ್ಟು ಶುದ್ಧ ತವರ ನಾನೇ ತಂದೆ. ಎಲ್ಲಿಂದ ಅಂತ ಹೇಳುವುದಿಲ್ಲ, ಹುಡುಕಲು ನನಗೆ ಒಂದು ತಿಂಗಳು ಹಿಡಿದಿದೆ. ಕಲಾಯಿ ಹಾಕಿಸಿ ಜಾಮ್ ಮಾಡಿ ಕಳಿಸಿದರೆ ಮತ್ತೆ 0.15! ಭಟ್ಟರು “ನಾನು ಹೇಳಲಿಲ್ವಾ” ಅಂದರು. ತಪ್ಪು ಹಳೇ ಪದರದ್ದು. ಕಾಯಿಸಿ ಒರೆಸಿದರೂ ಅದರ ಸೀಸ ಹಿತ್ತಾಳೆಗೆ ಅಂಟಿಕೊಂಡು ಹೊಸ ತವರದಲ್ಲಿ ಬೆರೆಯುತ್ತದೆ. ಎರಡು ಸಲ ಕಲಾಯಿ ಹಾಕಿಸಿ, ಎರಡು ಸಲ ತೆಗೆಸಿ, ಮೂರನೆಯದ್ದನ್ನು ಉಳಿಸಿಕೊಂಡೆ. ತೆಗೆಯುವಾಗ ಏನು ಬಳಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮುಂದಿನ ವರದಿ 0.02ರ ಕೆಳಗೆ. ಈಗ ಎರಡು ತಿಂಗಳಿಗೊಮ್ಮೆ ಹಾಕಿಸುತ್ತೇನೆ. ತವರ ಸವೆದು ಹಿತ್ತಾಳೆ ಕಂಡರೆ ಅದರೊಳಗಿನ ಸೀಸವೂ ಹುಳಿಗೆ ಇಳಿಯುತ್ತದೆ. ಅದಕ್ಕೇ ನಿಂಬೆರಸ ಹಾಕುವುದು ಜಾಮನ್ನು ಸ್ಟೀಲಿಗೆ ಸುರಿದ ಮೇಲೆ. ಲ್ಯಾಬ್, ತವರ, ಕಲಾಯಿ ಸೇರಿ ಖರ್ಚು 45,000 ಮುಟ್ಟಿರಬಹುದು.

ವಿನೆಗರ್ ಕೈಯಲ್ಲಿದ್ದಾಗ ಅಜ್ಜಿಯ ಉಪ್ಪಿನಕಾಯಿ ಭರಣಿಗಳನ್ನೂ ಬಿಡಲಿಲ್ಲ. ನಾಲ್ಕರಲ್ಲಿ ಹಳದಿ ಹೊಳಪಿನ ಒಂದು ಸೀಸ ಬಿಟ್ಟಿತು. ಅದರಲ್ಲಿ ಈಗ ಛತ್ರಿ ಇಡುತ್ತೇವೆ.

ಇನ್ನು ಪುನರ್ಪುಳಿ, ಅಂದರೆ ಕೋಕಂ. ರತ್ನಾಗಿರಿ ಕಡೆಯಿಂದ ಬರುವ ಸಿಪ್ಪೆಯನ್ನು ಕೆಲವರು ಡಾಂಬರು ರಸ್ತೆ ಪಕ್ಕದಲ್ಲೇ ಒಣಗಿಸುತ್ತಾರೆ. ಒಣಗಿದ ಸಿಪ್ಪೆಯ ಅಂಕಿಯನ್ನು ಹಸಿ ಹಣ್ಣಿನ ಮಿತಿಯ ಪಕ್ಕ ಇಟ್ಟು ಗಾಬರಿಯಾಗಬೇಡಿ, ನೀರು ಹೋದಷ್ಟೂ ಅಂಕಿ ಏರುತ್ತದೆ, ಮೊದಲು ಹಸಿ ತೂಕಕ್ಕೆ ಇಳಿಸಿ. ಇಳಿಸಿದ ಮೇಲೂ ರಸ್ತೆಯ ಮಾಲಿನಲ್ಲಿ ಚಾವಣಿಯ ಮಾಲಿಗಿಂತ ಎರಡು ಪಟ್ಟು ಇತ್ತು. ಕಿಲೋಗೆ 40 ರೂಪಾಯಿ ಹೆಚ್ಚು ಕೊಟ್ಟು ಚಾವಣಿ ಮೇಲೆ ಚಾಪೆ ಹಾಸಿ ಒಣಗಿಸಲು ಹೇಳಿದ್ದೇನೆ. ಈ ಸಲದ ಮೂಟೆ ಬಂದಿದೆ. ಮಾದರಿ ಲ್ಯಾಬಿಗೆ ಹೋಗಿದೆ, ವರದಿ ಬಾರದೆ ಬಿಚ್ಚುವುದಿಲ್ಲ.