ಅಜ್ಜ-ಅಜ್ಜಿಯ ಕತೆ ರೆಕಾರ್ಡ್ ಮಾಡುವವರಿಗೆ

ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ದಯವಿಟ್ಟು ಮುಂದೆ ಹಾಕಬೇಡಿ. ಹಂಚಿನ ಮೇಲೆ ಮಳೆ ಬೀಳುವಾಗ ಫೋನಿನಲ್ಲಿ ಧ್ವನಿ ಕೇಳಿಸುವುದಿಲ್ಲ, ಮಳೆ ಹೊಳವಾದಾಗ ಕೂರಿಸಿ.

"ಯಾವ ಇಸವಿ?" ಎಂದರೆ ಹೆಚ್ಚಿನವರಿಗೆ ನೆನಪಾಗದು. "ಕಾಗೋಡು ಸತ್ಯಾಗ್ರಹಕ್ಕೆ ಮೊದಲೋ ಆಮೇಲೋ? ಲಿಂಗನಮಕ್ಕಿ ನೀರು ಬಂದಾಗ ನಿಮಗೆ ಮದುವೆಯಾಗಿತ್ತಾ?" ಎಂದು ಕೇಳಿ ನೋಡಿ, ಮಾತು ತಾನಾಗೇ ಹರಿಯುತ್ತದೆ. ಸಾಗರದ ಕಡೆಯ ಗೇಣಿ ರೈತರ ಆ ಸತ್ಯಾಗ್ರಹ 1951ರಲ್ಲಿ, ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಉಳಿದ ಲೆಕ್ಕ ನೀವೇ ಹಾಕಬಹುದು.

ಅವರ ಶಾಲೆಯ ಗೆಳೆಯರನ್ನು ಹುಡುಕುವುದು ಇನ್ನೂ ಕಷ್ಟ. ಶರಾವತಿ ಮುಳುಗಡೆಯಲ್ಲಿ ಊರಿಗೆ ಊರೇ ಚದುರಿಹೋಯಿತಲ್ಲ, ಹಳೇ ವಿಳಾಸ ಹಿಡಿದು ಹೋದರೆ ಅಲ್ಲಿ ನೀರಿದೆ. ಆ ಗೆಳೆಯರ ಮನೆತನದ ಹೆಸರು, ಆಮೇಲೆ ಜಮೀನು ಸಿಕ್ಕ ಊರು ಕೇಳಿಕೊಳ್ಳಿ. ಗೆಳತಿಯಾದರೆ ಅಣ್ಣ-ತಮ್ಮಂದಿರ ಹೆಸರು ಬೇಕೇ ಬೇಕು, ತವರಿನ ಕಡೆಯಿಂದಲೇ ಸುಳಿವು ಸಿಗುವುದು. ಶಾಲೆ ಈಗಲೂ ನಡೆಯುತ್ತಿದ್ದರೆ ಹಳೇ ದಾಖಲಾತಿ ಪುಸ್ತಕ ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ವಿಚಾರಿಸಿ.

ನಂಬರ್ ಸಿಕ್ಕಿದ ಕೂಡಲೇ ಅಜ್ಜಿಯ ಕೈಗೆ ಫೋನ್ ಕೊಡಬೇಡಿ. ಮೊದಲು ಆ ಮನೆಯವರ ಹತ್ತಿರ ನೀವೇ ಮಾತಾಡಿ, ಅವರು ಹೇಗಿದ್ದಾರೆ, ಕಿವಿ ಕೇಳಿಸುತ್ತದೆಯೇ ಎಂದು ತಿಳಿದುಕೊಳ್ಳಿ. ಅಜ್ಜಿ ಓಡಾಡುವ ಹಾಗಿದ್ದರೆ ಕರೆದುಕೊಂಡೇ ಹೋಗಿ.