ನರ್ಸಿಂಗ್ ಓದುವಾಗಲೇ ವಾರ್ಡಿನ ಕೆಲಸಕ್ಕೆ ಕೈ ಪಳಗಿಸುವುದು

ಬಿ.ಎಸ್ಸಿ. ನರ್ಸಿಂಗ್‌ನ 8ನೇ ಸೆಮಿಸ್ಟರ್ ಇಂಟರ್ನ್‌ಶಿಪ್‌ಗೆ ಮೀಸಲು: 22 ವಾರ, ವಾರಕ್ಕೆ 48 ಗಂಟೆ. ಕೆಲಸ ಆಗ ಕಲಿತರಾಯಿತು ಎಂದು ಕೂತವರು ಅಲ್ಲಿ ತಡವರಿಸುತ್ತಾರೆ. ಮೊದಲ ಪೋಸ್ಟಿಂಗ್‌ನಿಂದಲೇ (ಕಲಿಯಲು ವಾರ್ಡಿಗೆ ಹಾಕುವ ಸರದಿ) ಕೈ ಹಾಕಿ.

ಡ್ಯೂಟಿಗೆ ಕಾಲು ಗಂಟೆ ಮೊದಲೇ ಹೋಗಿ, ರಾತ್ರಿ ಪಾಳಿಯವರು ಹ್ಯಾಂಡೋವರ್ ಕೊಡುವಾಗ, ಅಂದರೆ ರೋಗಿಗಳ ವಿವರ ಹೇಳಿ ಕೆಲಸ ಒಪ್ಪಿಸುವಾಗ, ಪಕ್ಕದಲ್ಲಿ ನಿಲ್ಲಿ. ಯಾರಿಗೆ ಡ್ರೆಸ್ಸಿಂಗ್, ಯಾರಿಗೆ ಕ್ಯಾತಿಟರ್ (ಮೂತ್ರದ ನಳಿಕೆ) ಎಂಬುದು ಅಲ್ಲೇ ತಿಳಿಯುತ್ತದೆ. ಆಮೇಲೆ “ಏನಾದರೂ ಕೆಲಸ ಇದೆಯಾ?” ಎನ್ನುವ ಬದಲು, “ಸಿಸ್ಟರ್, 6ನೇ ಬೆಡ್ ಡ್ರೆಸ್ಸಿಂಗ್‌ಗೆ ಟ್ರೇ ನಾನು ಜೋಡಿಸಲಾ?” ಎಂದು ಕೇಳಿ. ಮೊದಲು ನೋಡಿ, ಆಮೇಲೆ ಜೊತೆಗೆ ನಿಂತು ಮಾಡಿ, ಬಳಿಕ ಅವರ ಕಣ್ಣೆದುರೇ ನೀವು ಮಾಡಿ. ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗೆ ಸಹಿ ಅದೇ ದಿನ ಹಾಕಿಸಿಕೊಳ್ಳಿ.

ಉಸಿರು ಎಣಿಸುವುದು ಸುಲಭ ಅನಿಸುತ್ತದೆ; ಹೆಚ್ಚು ತಪ್ಪುವುದೂ ಅಲ್ಲೇ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಾಟವೇ ಬದಲಾಗುತ್ತದೆ. ನಾಡಿ ನೋಡಿದ ಮೇಲೂ ಮಣಿಕಟ್ಟು ಬಿಡದೆ, ಎದೆಯತ್ತ ಕಣ್ಣಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ.

ಡ್ರಿಪ್‌ಗೆ ಲೆಕ್ಕ ಬೇಕು. 500 ಮಿ.ಲೀ. 4 ಗಂಟೆಯಲ್ಲಿ ಹೋಗಬೇಕು ಎನ್ನಿ. ಡ್ರಿಪ್ ಸೆಟ್‌ನ (ಬಾಟಲಿಯಿಂದ ಬರುವ ಕೊಳವೆ) ಕವರ್ ಮೇಲೆ 1 ಮಿ.ಲೀ.ಗೆ 20 ಹನಿ ಎಂದಿದ್ದರೆ, 500 × 20 ÷ 240, ಅಂದರೆ ನಿಮಿಷಕ್ಕೆ ಸುಮಾರು 42 ಹನಿ. 1 ಮಿ.ಲೀ.ಗೆ 60 ಹನಿ ಬೀಳುವ ಮೈಕ್ರೋ ಸೆಟ್‌ನಲ್ಲೂ ಇದೇ 42 ಇಟ್ಟರೆ ಮೂರನೇ ಒಂದು ಪಾಲಷ್ಟೇ ಒಳಹೋಗುತ್ತದೆ. ರೋಗಿ ಕೈ ಮಡಚಿದರೆ, ಮಗ್ಗುಲಾದರೆ ವೇಗ ಬದಲಾಗುತ್ತದೆ, ಮತ್ತೆ ಎಣಿಸಿ. ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ) ಸುತ್ತ ಊತ ಕಂಡರೆ ಡ್ರಿಪ್ ನಿಲ್ಲಿಸಿ, ತಕ್ಷಣ ಸಿಸ್ಟರ್‌ಗೆ ಹೇಳಿ.

ಹೆಪಟೈಟಿಸ್ ಬಿ ಲಸಿಕೆಗೆ ಮೂರು ಡೋಸ್ (0, 1, 6 ತಿಂಗಳು) ಬೇಕಾದ್ದರಿಂದ ಕಾಲೇಜು ಸೇರಿದ ಕೂಡಲೇ ಶುರು ಮಾಡಿ. ಬಳಸಿದ ಸೂಜಿಗೆ ಮುಚ್ಚಳ ಹಾಕಬೇಡಿ. ನೇರ ಬಿಳಿ ಡಬ್ಬಿಗೆ ಹಾಕಿ. ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಆಗಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರುವಾಗುವುದು ಒಳ್ಳೆಯದು, 72 ಗಂಟೆ ದಾಟಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆ ಹೊತ್ತು ಕಳೆದೇಹೋಗುತ್ತದೆ.

ರಜೆಯಲ್ಲಿ ನರ್ಸಿಂಗ್ ಹೋಮ್‌ನ ನೈಟ್ ಡ್ಯೂಟಿಗೆ ಕರೆ ಬರಬಹುದು. ನರ್ಸಿಂಗ್ ಕೌನ್ಸಿಲ್ ನೋಂದಣಿ ಆಗುವವರೆಗೆ ಒಬ್ಬರೇ ಇಂಜೆಕ್ಷನ್ ಕೊಡುವ ಕೆಲಸ ಖಂಡಿತ ಒಪ್ಪಬೇಡಿ. ಅದರ ಬದಲು ಹಾಸಿಗೆ ಹಿಡಿದವರ ಆರೈಕೆಗೆ ಸಹಾಯಕರಾಗಿ ಹೋಗಿ: ಮೈ ಒರೆಸುವುದು, ಊಟ ಮಾಡಿಸುವುದು, ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವುದು. ಪ್ರತಿ ಸಲವೂ ಸೊಂಟದ ಹಿಂಭಾಗ, ಹಿಮ್ಮಡಿ ನೋಡಿ. ಕೆಂಪಾದ ಜಾಗ ಬೆರಳಿಂದ ಒತ್ತಿದಾಗ ಬಿಳಿಚದಿದ್ದರೆ ಹಾಸಿಗೆ ಹುಣ್ಣಿನ ಆರಂಭ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದು. ಬಿಸಿ, ಗಡಸು ಇದೆಯೇ ಎಂದು ಮುಟ್ಟಿ ನೋಡಿ. ಆ ಜಾಗವನ್ನು ತಿಕ್ಕಬೇಡಿ, ಭಾರ ಬೀಳದಂತೆ ಮಲಗಿಸಿ, ನೋಡಿಕೊಳ್ಳುವ ನರ್ಸ್‌ಗೆ ತಿಳಿಸಿ.